ಊರ ಮನೆ, ಮಗನ ಮನೆ, ಪಾಳಿ, ಬಾಡಿಗೆ ಮನೆ, ವೃದ್ಧಾಶ್ರಮ: ವಯಸ್ಸಾದ ಅಪ್ಪ-ಅವ್ವ ಎಲ್ಲಿದ್ದರೆ ಚೆನ್ನ?

"ಅಪ್ಪ ತೀರಿಕೊಂಡರು. ಅವ್ವ ಸಿಂಧನೂರಿನ ಹತ್ತಿರ ಊರಲ್ಲಿ ಒಬ್ಬಳೇ ಇದ್ದಾಳೆ. ಬೆಂಗಳೂರಿಗೆ ಬಾ ಅಂದರೆ ಬರೋದಿಲ್ಲ ಅಂತಾಳೆ. ಏನು ಮಾಡೋದು?" "ಅಪ್ಪನಿಗೆ ಶುಗರ್, ಅಮ್ಮನಿಗೆ ಮೊಣಕಾಲು ನೋವು. ನಾವು ಅಣ್ಣ ತಮ್ಮಂದಿರು ಪಾಳಿ ಹಚ್ಚಿಕೊಂಡಿದ್ದೇವೆ. ಸರಿನಾ?" "ವೃದ್ಧಾಶ್ರಮದಲ್ಲಿ ಇಟ್ಟರೆ ಜನ ಏನಂತಾರೆ?"

ಬಳ್ಳಾರಿ, ಕೊಪ್ಪಳದ ಕಡೆ ಮನೆ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ ಮೊಣಕಾಲಿಗಿಂತ ಜಾಸ್ತಿ ಇಂಥ ಪ್ರಶ್ನೆಗಳೇ ಬರುತ್ತವೆ. ಕೇಳುವವರು ಸಾಮಾನ್ಯವಾಗಿ ಮಕ್ಕಳು. ರಾತ್ರಿ ನಿದ್ದೆಗೆಟ್ಟು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಆದರೆ ಯಾವುದನ್ನು ನೋಡಿ ತೀರ್ಮಾನ ಮಾಡಬೇಕು ಅನ್ನುವುದನ್ನು ಹೇಳಬಹುದು.

ಮೊದಲು ಏನು ನೋಡಬೇಕು

ಮನೆಯಲ್ಲಿ ಈ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು "ಯಾರು ನೋಡಿಕೊಳ್ತಾರೆ?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು "ಎಷ್ಟು ನೋಡಿಕೊಳ್ಳಬೇಕು?" ಅಂತ.

ಎರಡು ಥರದ ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡಿ. ಸ್ನಾನ, ಶೌಚ, ಬಟ್ಟೆ ಉಡುವುದು, ತುತ್ತು ಬಾಯಿಗಿಡುವುದು, ಹಾಸಿಗೆಯಿಂದ ಎದ್ದು ಕೂರುವುದು, ಇವು ಮೈಯ ಕೆಲಸ. ಅಡುಗೆ, ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುವುದು, ದುಡ್ಡಿನ ಲೆಕ್ಕ, ಫೋನ್ ಮಾಡುವುದು, ಅಂಗಡಿಗೆ ಹೋಗಿಬರುವುದು, ಇವು ಮನೆತನದ ಕೆಲಸ. ಮನೆತನದ ಕೆಲಸ ಮಾತ್ರ ತಪ್ಪುತ್ತಿದ್ದರೆ ದಿನಕ್ಕೆ ಎರಡು ಮೂರು ತಾಸು ಯಾರಾದರೂ ಬಂದರೆ ಸಾಕು. ಮೈಯ ಕೆಲಸದಲ್ಲಿ ಎರಡು ತಪ್ಪಿದರೂ ಹಗಲು ರಾತ್ರಿ ಒಬ್ಬರು ಹತ್ತಿರ ಇರಲೇಬೇಕು. ಬಹಳ ಕುಟುಂಬಗಳು ಇದನ್ನು ನೋಡದೇ ಗಟ್ಟಿಯಾಗಿರುವ ಅವ್ವನನ್ನು ಎತ್ತಿಕೊಂಡು ಹೋಗುತ್ತವೆ, ನಿಜವಾಗಿ ಸಹಾಯ ಬೇಕಾದ ಅಪ್ಪನನ್ನು "ಗಂಡಸು, ಹೆಂಗೋ ಇರ್ತಾರೆ" ಅಂತ ಬಿಟ್ಟುಬಿಡುತ್ತವೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಕುರ್ಚಿ ಹಾಕಿ, ಅಲ್ಲಿಂದ 3 ಮೀಟರ್ ಅಂದರೆ ಸುಮಾರು ಹತ್ತು ಅಡಿ ದೂರಕ್ಕೆ ಸುಣ್ಣದಿಂದ ಗೆರೆ ಎಳೆಯಿರಿ. ಅಜ್ಜಿ ಕುರ್ಚಿಯಿಂದ ಎದ್ದು, ತಮ್ಮ ಮಾಮೂಲಿ ನಡಿಗೆಯಲ್ಲಿ ಗೆರೆವರೆಗೆ ಹೋಗಿ, ತಿರುಗಿ ಬಂದು ಕೂರಲಿ. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. ನೀವು ಪಕ್ಕದಲ್ಲೇ ನಿಂತಿರಿ, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ತಿರುಗುವಾಗ ಗೋಡೆ ಹಿಡಿಯುತ್ತಾರಾ, ಏಳುವಾಗ ಎರಡು ಸಲ ಹಿಂದಕ್ಕೆ ಕೂರುತ್ತಾರಾ, ಅದನ್ನೂ ನೋಡಿ. ವಯಸ್ಸಾದವರಿಗೆ ಒಂದು ಸಲ ಸೊಂಟದ ಎಲುಬು ಮುರಿದರೆ ಮೊದಲಿನ ಹಾಗೆ ಓಡಾಡುವುದು ಕಷ್ಟ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಎರಡನೆಯದು ಆಸ್ಪತ್ರೆಯ ದೂರ. ಇಲ್ಲಿ ಕಿಲೋಮೀಟರ್‌ಗಿಂತ ಗಂಟೆ ಮುಖ್ಯ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಲಿಂಗಸುಗೂರು, ಮಾನ್ವಿ, ಕುಷ್ಟಗಿ, ಸಿರುಗುಪ್ಪ ಕಡೆಯ ಹಳ್ಳಿಯಿಂದ ರಾತ್ರಿ ಎರಡು ಗಂಟೆಗೆ ಅಲ್ಲಿಗೆ ಹೇಗೆ ಹೋಗುತ್ತೀರಿ? 108 ಬರುವವರೆಗೆ ಯಾರಿರುತ್ತಾರೆ? ಓಣಿಯಲ್ಲಿ ಗಾಡಿ ಇರುವವರು ಯಾರು? ಇದಕ್ಕೆ ಒಂದು ಹೆಸರು, ಒಂದು ಫೋನ್ ನಂಬರ್ ಹೇಳಲು ಬರದಿದ್ದರೆ ಊರ ಮನೆಯ ಲೆಕ್ಕ ಅಲ್ಲೇ ತಪ್ಪುತ್ತದೆ.

ಮೂರನೆಯದು ನಮ್ಮ ಬಿಸಿಲು, ನಮ್ಮ ನೀರು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವಯಸ್ಸಾದ ಮೇಲೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುವವರ ಮೈಯಲ್ಲಿ ನೀರು ಇನ್ನೂ ಬೇಗ ಕಡಿಮೆಯಾಗುತ್ತದೆ. ಹಳೇ ಮಣ್ಣಿನ ಮಾಳಿಗೆ ಮನೆ ತಂಪು. ಮಗ ಪ್ರೀತಿಯಿಂದ ಕಟ್ಟಿಸಿದ ಆರ್‌ಸಿಸಿ ಮನೆಯ ಮೇಲಿನ ಕೋಣೆ ಮಧ್ಯಾಹ್ನ ಕಾದ ಹಂಚು. ಇನ್ನು ನೀರು. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ನಾವು ಅದನ್ನು "ವಯಸ್ಸಾಯ್ತಲ್ಲ" ಅಂದುಬಿಡುತ್ತೇವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರು ಬೇಕು. ಆ ಕ್ಯಾನ್ ಹೊತ್ತು ತರುವವರು ಯಾರು ಅನ್ನುವುದೂ ಈ ಲೆಕ್ಕದಲ್ಲಿ ಸೇರುತ್ತದೆ.

ಮನಸ್ಸಿನ ಲೆಕ್ಕ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಮಕ್ಕಳು ಹಾಕಿದ ಪಟ್ಟಿಯಲ್ಲಿ ಇದು ಕೊನೆಗೆ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

1976ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಒಂದು ಅಧ್ಯಯನ ಮಾಡಿದರು. ಒಂದು ಮಹಡಿಯವರಿಗೆ "ನಿಮ್ಮ ಕೋಣೆ ಹೇಗಿರಬೇಕು, ಹೊತ್ತು ಹೇಗೆ ಕಳೆಯಬೇಕು, ನೀವೇ ತೀರ್ಮಾನ ಮಾಡಿ" ಅಂತ ಹೇಳಿ, ಒಂದು ಗಿಡ ಕೊಟ್ಟು ನೀವೇ ನೀರು ಹಾಕಿ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು, ಎಲ್ಲ ನೋಡಿಕೊಳ್ಳುವುದು ಸಿಬ್ಬಂದಿಯ ಕೆಲಸ ಅಂದರು. ಕೆಲವೇ ವಾರಗಳಲ್ಲಿ ಮೊದಲಿನವರು ಹೆಚ್ಚು ಚುರುಕಾಗಿದ್ದರು, ಖುಷಿಯಾಗಿದ್ದರು. ಅದೇ ಕಟ್ಟಡ, ಅದೇ ಊಟ.

ಮನೋಭಾವದ ಬಗ್ಗೆ ಇನ್ನೊಂದು ಸಂಗತಿ. 2002ರಲ್ಲಿ ಬೆಕ್ಕಾ ಲೆವಿ ಮತ್ತು ಜೊತೆಯವರು ಅಮೆರಿಕದ ಓಹಿಯೋದ 660 ಜನರ ಮಾಹಿತಿ ಪ್ರಕಟಿಸಿದರು. ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು, ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. "ಇನ್ನೇನೈತಿ, ಹೊಲದ ಕಡೆ ನಡೆಯೋದೊಂದೇ ಬಾಕಿ", ಅಂದರೆ ಸಾಯುವುದೊಂದೇ ಬಾಕಿ, ಅನ್ನುವ ಮಾತು ನಮ್ಮ ಮನೆಗಳಲ್ಲಿ ದಿನಾ ಕೇಳುತ್ತದೆ. ಅದನ್ನು ವಯಸ್ಸಾದವರ ಮಾಮೂಲಿ ಮಾತು ಅಂತ ಬಿಡಬೇಡಿ. ಊಟ ಕಡಿಮೆಯಾಗಿ, ನಿದ್ದೆ ಕೆಟ್ಟು, ಮೈಯೆಲ್ಲ ನೋವು ಅನ್ನುತ್ತಿದ್ದು, ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅದು ಖಿನ್ನತೆ ಇರಬಹುದು. ವಯಸ್ಸಾದವರಲ್ಲಿ ಅದು ಅಳುವಾಗಿ ಬರುವುದಕ್ಕಿಂತ ಮೈನೋವಾಗಿ ಬರುವುದೇ ಜಾಸ್ತಿ. ಅದಕ್ಕೆ ಔಷಧಿ ಇದೆ, ಗುಣ ಆಗುತ್ತದೆ. 1985ರಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಾಗಿ ನಮ್ಮ ಜಿಲ್ಲೆಯವರು ಇದಕ್ಕೆ ನಾಚಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಆದ್ದರಿಂದ ಪ್ರತಿ ಆಯ್ಕೆಯ ಮುಂದೆ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಅಲ್ಲಿ ಅವರು ಯಾರನ್ನೂ ಕೇಳದೆ ಹೊರಗೆ ಕಾಲಿಡಬಹುದಾ? ಅವರ ವಯಸ್ಸಿನವರು ಯಾರಾದರೂ ದಿನಾ ಸಿಗುತ್ತಾರಾ? ಅವರು ಮಾಡದಿದ್ದರೆ ನಡೆಯುವುದಿಲ್ಲ ಅನ್ನುವಂಥ ಒಂದಾದರೂ ಕೆಲಸ ಅವರ ಪಾಲಿಗೆ ಇದೆಯಾ? ನನಗೆ ಕೇಳಿದರೆ, ಎರಡು ಜಾಗ ಸರಿಸಮ ಅನಿಸಿದಾಗ ಈ ಮೂರೇ ತೀರ್ಪು ಹೇಳಬೇಕು.

ಊರ ಮನೆ

ಮನಸ್ಸಿನ ಮೂರೂ ಪ್ರಶ್ನೆಗೆ ಊರ ಮನೆ ಹೂಂ ಅನ್ನುತ್ತದೆ. ಬೆಳಿಗ್ಗೆ ಕಟ್ಟೆ, ಸಂಜೆ ಗುಡಿ, ಮಧ್ಯಾಹ್ನ ಶೇಂಗಾ ಒಡೆಯುತ್ತಾ ಎದುರು ಮನೆಯವಳ ಜೊತೆ ಮಾತು. "ನಮ್ಮವ್ವ ಒಬ್ಬಳೇ ಇದ್ದಾಳೆ" ಅಂತ ಮಗ ಫೋನಿನಲ್ಲಿ ಅಳುತ್ತಾನೆ, ಆಕೆ ದಿನಕ್ಕೆ ಇಪ್ಪತ್ತು ಜನರ ಜೊತೆ ಮಾತಾಡಿರುತ್ತಾಳೆ. ಖರ್ಚೂ ಕಡಿಮೆ. 65 ದಾಟಿದ, ಅರ್ಹತೆ ಇರುವವರಿಗೆ ತಿಂಗಳಿಗೆ 1,200 ರೂಪಾಯಿ ಪಿಂಚಣಿ, ರೇಷನ್, ಹೊಲದ ಲಾವಣಿ (ಗುತ್ತಿಗೆ) ದುಡ್ಡು ಸೇರಿದರೆ ದಿನದ ಖರ್ಚು ನಡೆಯುತ್ತದೆ. ಔಷಧಿಗೆ, ಆಸ್ಪತ್ರೆಗೆ ಮಕ್ಕಳು ಕೊಡಬೇಕಾಗುತ್ತದೆ.

ಊರ ಮನೆ ಸೋಲುವುದು ರಾತ್ರಿ ಹೊತ್ತಿನಲ್ಲಿ. ನಾನು ಯಾವ ಮನೆಗೆ ಹೋದರೂ ಮೊದಲು ಹಾಸಿಗೆಯಿಂದ ಸಂಡಾಸದವರೆಗೆ ನಡೆದು ನೋಡುತ್ತೇನೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹೊಸ್ತಿಲು ಗೇಣುದ್ದ ಎತ್ತರ. ಅದು ದಾಟಿದರೆ ಪಡಸಾಲೆಗೆ ಇಳಿಯುವ ಮೆಟ್ಟಿಲು, ಕೈಗೆ ಆಸರೆ ಇಲ್ಲ. ಆಮೇಲೆ ಬಚ್ಚಲು, ನೆಲಕ್ಕೆ ನುಣುಪಾದ ಕಡಪ ಕಲ್ಲು, ಸೋಪಿನ ನೀರು. ಸಂಡಾಸು ಹಿತ್ತಲಿನಲ್ಲಿ, ಲೈಟಿನ ಸ್ವಿಚ್ಚು ಒಳಗಿನ ಗೋಡೆಗೆ. ಬಿಪಿ ಮಾತ್ರೆ ತಗೊಂಡವರು ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ತಿರುಗುತ್ತದೆ. ಆ ತಲೆಸುತ್ತಿನಲ್ಲೇ ಈ ದಾರಿ ನಡೆಯಬೇಕು.

ಇದನ್ನು ಸರಿ ಮಾಡಲು ಭಾರಿ ದುಡ್ಡು ಬೇಕಾಗಿಲ್ಲ. ಸಂಡಾಸದ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಗೋಡೆಗೆ ಎರಡು ಸ್ಟೀಲ್ ಹಿಡಿ, ರಾತ್ರಿಯೆಲ್ಲ ಉರಿಯುವ ಒಂದು ಜೀರೋ ಬಲ್ಬು, ಕಲ್ಲಿನ ಮೇಲೆ ರಬ್ಬರ್ ಮ್ಯಾಟು, ಹೊಸ್ತಿಲಿನ ಎರಡೂ ಕಡೆ ಸಿಮೆಂಟಿನ ಇಳಿಜಾರು. ಊರ ಗೌಂಡಿಗೆ ಒಂದೆರಡು ದಿನದ ಕೆಲಸ. ಹಬ್ಬಕ್ಕೆ ಟಿವಿ ಕೊಡಿಸುವ ಬದಲು ಇದನ್ನು ಮಾಡಿಸಿ.

ಒಂದು ಹೆಜ್ಜೆ ಮುಂದೆ, ಊರ ಮನೆಗೇ ಸಹಾಯಕ್ಕೆ ಒಬ್ಬರನ್ನು ಇಡುವುದು. ಗಟ್ಟಿಯಾಗಿದ್ದು ಅಡುಗೆ, ಮಾತ್ರೆ ಮಾತ್ರ ತಪ್ಪುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಓಣಿಯ ಗೊತ್ತಿರುವ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಬಂದು ರೊಟ್ಟಿ ಬಡಿದು, ನೀರು ತಂದು, ಮಾತ್ರೆ ಕೊಟ್ಟು ಹೋಗುವುದು. ರಾತ್ರಿ ಮಲಗಲು ಸಂಬಂಧಿಕರ ಹುಡುಗನೋ, ಆಕೆಯೋ. ಸಂಬಳವನ್ನು ಮೊದಲೇ ಮಾತಾಡಿ, ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಹಾಕಿ, ವರ್ಷಕ್ಕೆ ಏರಿಸಿ. "ನಮ್ಮವರೇ ಅಲ್ವಾ, ನೋಡ್ಕೊತಾರೆ ಬಿಡು" ಅಂತ ಸುಮ್ನೆ ಬಿಟ್ಟರೆ ಆರು ತಿಂಗಳಲ್ಲಿ ಆಕೆ ಬರುವುದು ನಿಲ್ಲುತ್ತದೆ, ನೆರೆಹೊರೆಯ ಸಂಬಂಧವೂ ಕೆಡುತ್ತದೆ. ಮೈಯ ಕೆಲಸಕ್ಕೇ ಜನ ಬೇಕು ಅನ್ನುವ ಸ್ಥಿತಿ ಬಂದರೆ ಹಳ್ಳಿಯಲ್ಲಿ ತರಬೇತಿ ಇರುವವರು ಸಿಗುವುದು ಕಷ್ಟ. ಆಗ ಬೇರೆ ಜಾಗ ಯೋಚಿಸಿ.

ಬೆಂಗಳೂರಿನ ಮಗನ ಮನೆ

ಆಸ್ಪತ್ರೆ ಹತ್ತಿರ, ಹವೆ ತಂಪು, ಕಣ್ಣೆದುರೇ ಮಕ್ಕಳು ಮೊಮ್ಮಕ್ಕಳು. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ಮೇಲಿಂದ ಮೇಲೆ ಹೃದಯದ ತೊಂದರೆ ಇರುವವರಿಗೆ ಇದು ಸರಿಯಾದ ಜಾಗ. ಅದರಲ್ಲಿ ಎರಡು ಮಾತಿಲ್ಲ. ಮರೆವು ಜಾಸ್ತಿಯಾಗಿ ದಾರಿ ತಪ್ಪುವವರೂ ಮಕ್ಕಳ ಹತ್ತಿರ ಇರಬೇಕಾಗುತ್ತದೆ.

ಆದರೆ ಗಟ್ಟಿಯಾಗಿರುವವರಿಗೆ ಮನಸ್ಸಿನ ಮೂರು ಪ್ರಶ್ನೆ ಕೇಳಿ ನೋಡಿ. ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಹೊರಡುತ್ತಾರೆ. ಬಾಗಿಲು ಹಾಕಿಕೊಂಡು ಸಂಜೆ ಏಳರವರೆಗೆ ಒಬ್ಬರೇ. ಲಿಫ್ಟ್ ಅಂದರೆ ಹೆದರಿಕೆ, ಕೆಳಗೆ ಹೋದರೆ ವಾಪಸ್ ಯಾವ ಮನೆ ಅನ್ನುವ ಗಾಬರಿ. "ಮನಿ ಚಲೋ ಐತ್ರಿ, ಸೊಸಿ ಚಲೋ ನೋಡ್ಕೋತಾಳ. ಆದ್ರ ಮಾತಾಡಾಕ ಬಾಯಿ ತುರಸ್ತೈತಿ," ಅಂತ ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ನನಗೆ ಹೇಳಿದರು. ಅವರು ಊರಲ್ಲಿದ್ದಾಗ ಹೊಲದವರೆಗೆ ನಡೆಯುತ್ತಿದ್ದವರು. ಮಗನ ಮನೆಯಲ್ಲಿ ಸೋಫಾದಿಂದ ಊಟದ ಟೇಬಲ್‌ವರೆಗೆ. ಒಂದೇ ವರ್ಷದಲ್ಲಿ ತೊಡೆಯ ಸ್ನಾಯು ಎಷ್ಟು ಸೋತಿತ್ತು ಅಂದರೆ ನೆಲದಿಂದ ಏಳಲು ಆಗುತ್ತಿರಲಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು, ಮೂರು ದಿನವಾದರೂ ಮೈಯ ಸಮತೋಲ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊರಲ್ಲಿ ಅದು ತಾನಾಗೇ ಆಗುತ್ತದೆ. ಫ್ಲ್ಯಾಟಿನಲ್ಲಿ ಯಾರಾದರೂ ಮಾಡಿಸಬೇಕು.

ಬೆಂಗಳೂರಿಗೇ ಕರೆಯುವುದಾದರೆ ಕೆಲವು ತಯಾರಿ ಬೇಕು. ನೆಲಮಹಡಿ ಅಥವಾ ಮೊದಲ ಮಹಡಿ ಮನೆ. ನಡೆದು ಹೋಗುವ ದೂರದಲ್ಲಿ ಪಾರ್ಕೋ ಗುಡಿಯೋ ಇರುವ ಬಡಾವಣೆ. ಆಕೆಗೇ ಅಂತ ಒಂದು ಕೋಣೆ, ಒಳಗಿನಿಂದ ಚಿಲಕ. ಅಡುಗೆಮನೆಯಲ್ಲಿ ಆಕೆಯದೇ ಒಂದು ಕೆಲಸ. ವಾರಕ್ಕೆ ಎರಡು ಸಲ ಜೋಳದ ರೊಟ್ಟಿ ಆಕೆಯೇ ಬಡಿಯಲಿ. "ಸುಮ್ನೆ ಕೂರವ್ವ, ರೆಸ್ಟ್ ತಗೋ" ಅನ್ನುವ ಮಾತು ಪ್ರೀತಿಯದ್ದೇ. ಆದರೆ ಆಕೆಯ ಕಾಲಿಗೂ ಮನಸ್ಸಿಗೂ ಅದು ಒಳ್ಳೆಯದಲ್ಲ. ಊರಿಗೆ ಹೋಗಿಬರಲು ಟಿಕೆಟ್ ಮೊದಲೇ ತೆಗೆಸಿ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಬಳ್ಳಾರಿ ದಾರಿಯಲ್ಲೇ ಹೋಗುತ್ತದೆ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರಲ್ಲಿ ನಿಂತಿದೆ, ಆದರೆ ಕೆಳಗಿನ ಬರ್ತ್ ಕೋಟಾ ಇದೆ. ಬುಕ್ ಮಾಡುವಾಗ ಅದನ್ನೇ ಆರಿಸಿ.

ಖರ್ಚಿನ ಮಾತು: ದೊಡ್ಡ ಮನೆಯ ಬಾಡಿಗೆ, ಹಗಲು ನೋಡಿಕೊಳ್ಳುವವರ ಸಂಬಳ ಸೇರಿಸಿದರೆ ಎಲ್ಲಕ್ಕಿಂತ ದುಬಾರಿ ಆಯ್ಕೆ ಇದೇ. "ನಮ್ಮನೆಯಲ್ಲೇ ಇದ್ದಾರೆ, ಖರ್ಚೇನಿದೆ" ಅನ್ನುವ ಲೆಕ್ಕ ಸೊಸೆ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಮಾತ್ರ ಹಾಗೆ ಕಾಣುತ್ತದೆ. ಆಕೆಯ ಸಂಬಳವನ್ನೂ ಖರ್ಚಿನ ಕಡೆ ಬರೆಯಿರಿ.

ಪಾಳಿ

ಅಣ್ಣನ ಮನೆಯಲ್ಲಿ ನಾಲ್ಕು ತಿಂಗಳು, ತಮ್ಮನಲ್ಲಿ ನಾಲ್ಕು, ಕೊನೆಯವನಲ್ಲಿ ನಾಲ್ಕು. ನಮ್ಮ ಭಾಗದಲ್ಲಿ ಇದು ಬಹಳ. ಅಣ್ಣ ತಮ್ಮಂದಿರ ನಡುವೆ ನ್ಯಾಯ ಅನಿಸುತ್ತದೆ. ಹಿರಿಯರ ಮೈಗೆ ಇದು ಎಲ್ಲಕ್ಕಿಂತ ಕೆಟ್ಟದ್ದು ಅಂತ ನಾನು ನೇರವಾಗೇ ಹೇಳುತ್ತೇನೆ.

ಪ್ರತಿ ಮನೆಯಲ್ಲಿ ಬೇರೆ ಡಾಕ್ಟರ್. ಒಬ್ಬರು ಬರೆದ ಬಿಪಿ ಮಾತ್ರೆ ನಿಲ್ಲಿಸದೆ ಇನ್ನೊಬ್ಬರು ಬೇರೆ ಹೆಸರಿನ ಅದೇ ಮಾತ್ರೆ ಬರೆಯುತ್ತಾರೆ. ರಾತ್ರಿ ಸಂಡಾಸಕ್ಕೆ ಏಳುವಾಗ ಬಾಗಿಲು ಎಡಕ್ಕಾ ಬಲಕ್ಕಾ ಅಂತ ಗೊತ್ತಾಗುವುದಿಲ್ಲ. ಮರೆವು ಶುರುವಾಗಿರುವವರಿಗಂತೂ ಜಾಗ ಬದಲಾದಾಗಲೆಲ್ಲ ಗಲಿಬಿಲಿ ಹೆಚ್ಚುತ್ತದೆ. ಮನಸ್ಸಿನ ಲೆಕ್ಕದಲ್ಲೂ ಅಷ್ಟೇ. ಯಾವ ಮನೆಯೂ ತನ್ನದಲ್ಲ, ಯಾವ ಕಟ್ಟೆಯ ಗೆಳೆತನವೂ ನಾಲ್ಕು ತಿಂಗಳು ದಾಟುವುದಿಲ್ಲ. ಅಪ್ಪನನ್ನು ಒಬ್ಬ ಮಗ, ಅವ್ವನನ್ನು ಇನ್ನೊಬ್ಬ ಹಂಚಿಕೊಂಡ ಮನೆಗಳನ್ನೂ ನೋಡಿದ್ದೇನೆ. ಐವತ್ತು ವರ್ಷ ಜೊತೆಗಿದ್ದವರನ್ನು ದಯವಿಟ್ಟು ಹಾಗೆ ಅಗಲಿಸಬೇಡಿ.

ಹಂಚಿಕೊಳ್ಳಬೇಕು ಅನ್ನುವುದಾದರೆ ದುಡ್ಡು ಹಂಚಿಕೊಳ್ಳಿ, ಆಸ್ಪತ್ರೆಯ ಓಡಾಟ ಹಂಚಿಕೊಳ್ಳಿ. ಜಾಗ ಒಂದೇ ಇರಲಿ. ನೋಡಿಕೊಳ್ಳುವ ಮನೆಗೆ ಉಳಿದವರು ತಿಂಗಳಿಗೆ ಇಷ್ಟು ಅಂತ ಕಳಿಸಲಿ, ವರ್ಷಕ್ಕೆ ಒಂದು ತಿಂಗಳು ಬಂದು ಅಲ್ಲೇ ಇದ್ದು ಆ ಮನೆಯವರಿಗೆ ಬಿಡುವು ಕೊಡಲಿ. ಪಾಳಿ ಬಿಡಲು ಆಗುವುದೇ ಇಲ್ಲ ಅಂದರೆ ಒಂದೇ ಮಾತ್ರೆ ಪಟ್ಟಿ, ಒಂದೇ ಫೈಲು, ಒಬ್ಬರೇ ಡಾಕ್ಟರ್. ಅಷ್ಟಾದರೂ ಮಾಡಿ.

ಹತ್ತಿರದ ಪಟ್ಟಣದಲ್ಲಿ ಬಾಡಿಗೆ ಮನೆ

ಇದನ್ನು ಯಾರೂ ಯೋಚಿಸುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಗಂಗಾವತಿ, ಸಿಂಧನೂರು, ಕೊಪ್ಪಳ, ಬಳ್ಳಾರಿಯಂಥ ಕಡೆ, ಮಗಳೋ ತಂಗಿಯೋ ಇರುವ ಓಣಿಯಲ್ಲಿ ನೆಲಮಹಡಿಯ ಸಣ್ಣ ಮನೆ. ಮಾತು ಅದೇ, ಊಟ ಅದೇ. ಊರಿನಿಂದ ಬಸ್ಸಿಗೆ ಬಂದು ನೋಡಿ ಹೋಗುವವರಿರುತ್ತಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಉಚಿತ, ಗಂಡಸರಿಗೆ 60 ದಾಟಿದರೆ ನೂರಕ್ಕೆ 25ರಷ್ಟು ರಿಯಾಯಿತಿ. ಹಾಗಾಗಿ ಅವರೇ ಊರಿಗೆ ಹೋಗಿ, ಹೊಲ ನೋಡಿ, ಸಂಜೆಗೆ ವಾಪಸ್ ಬರಬಹುದು. ಆಸ್ಪತ್ರೆ ಆಟೋ ದೂರದಲ್ಲಿ. ಫಿಸಿಯೋ, ನರ್ಸ್ ಮನೆಗೆ ಬರುತ್ತಾರೆ. ಬಾಡಿಗೆ ಬೆಂಗಳೂರಿನದಕ್ಕಿಂತ ಎಷ್ಟೋ ಕಡಿಮೆ.

ಕೊರತೆ ಇಲ್ಲದೆ ಇಲ್ಲ. ಭಾರ ಬೀಳುವುದು ಪಕ್ಕದಲ್ಲಿರುವ ಮಗಳ ಮೇಲೆ. ಆಕೆಗೆ ಅತ್ತೆ ಮಾವ ಇರುತ್ತಾರೆ. ಆಸ್ತಿ ಗಂಡುಮಕ್ಕಳಿಗೆ, ಸೇವೆ ಮಗಳಿಗೆ ಅನ್ನುವಂತಾಗದ ಹಾಗೆ ದುಡ್ಡಿನ ಮಾತು ಮೊದಲೇ ಆಗಲಿ. ಬೇಸಿಗೆಗೆ ಕೂಲರ್, ಕರೆಂಟ್ ಹೋದಾಗ ಇನ್ವರ್ಟರ್ ಬೇಕೇ ಬೇಕು. ಬಾಡಿಗೆ ಮನೆ ಮೇಲಿನ ಮಹಡಿಯದಾದರೆ ತಗೊಳ್ಳಲೇಬೇಡಿ.

ವೃದ್ಧಾಶ್ರಮ

ಹೆಸರು ಕೇಳಿದರೇ ಮನೆಯಲ್ಲಿ ಜಗಳ. ಮಕ್ಕಳಿಲ್ಲದವರು, ಮಕ್ಕಳು ವಿದೇಶದಲ್ಲಿರುವವರು, ಮನೆಯಲ್ಲಿ ದಿನಾ ಬೈಸಿಕೊಂಡು ಉಣ್ಣುವವರು, ಇವರಿಗೆ ಒಳ್ಳೆಯ ಆಶ್ರಮ ಎಷ್ಟೋ ಮೇಲು. ಹೊತ್ತಿಗೆ ಊಟ, ಜೊತೆಗೆ ಅವರ ವಯಸ್ಸಿನವರು. ದಾನದ ಮೇಲೆ ನಡೆಯುವ ಉಚಿತ ಆಶ್ರಮಗಳಿವೆ, ತಿಂಗಳಿಗೆ ದುಡ್ಡು ಕಟ್ಟುವಂಥವೂ ಇವೆ. ದುಡ್ಡು ಕಟ್ಟುವುದರಲ್ಲಿ ಊಟ, ಕೋಣೆ ಬಿಟ್ಟು ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ ಅಂತ ಕೇಳಿ. ಬಹಳ ಕಡೆ ಓಡಾಡುವವರನ್ನು ಮಾತ್ರ ಸೇರಿಸುತ್ತಾರೆ. ಬಿದ್ದ ಮೇಲೆ ವಾಪಸ್ ಕಳಿಸಿದರೆ ನಿಮ್ಮ ಯೋಜನೆ ಅರ್ಧಕ್ಕೆ ನಿಲ್ಲುತ್ತದೆ.

ನೋಡಲು ಹೋದಾಗ ಹೇಳದೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ. ಮೂಗು ಬಳಸಿ. ಮೂತ್ರದ ವಾಸನೆ ಇದ್ದರೆ ಜನ ಸಾಲುತ್ತಿಲ್ಲ ಅಂತ ಅರ್ಥ. ಬಚ್ಚಲಿನಲ್ಲಿ ಹಿಡಿ ಇದೆಯಾ, ರಾತ್ರಿ ಎಷ್ಟು ಜನ ಸಿಬ್ಬಂದಿ, ಸಂಜೆ ಹೊರಗೆ ಬಿಡುತ್ತಾರಾ ನೋಡಿ. ಅಲ್ಲಿರುವ ಅಜ್ಜನನ್ನು ಸಿಬ್ಬಂದಿ ಇಲ್ಲದಾಗ "ಯಾವ ಊರ್ರಿ ನಿಮ್ದು?" ಅಂತ ಮಾತಿಗೆಳೆಯಿರಿ. ಉಳಿದದ್ದು ಅವರೇ ಹೇಳುತ್ತಾರೆ.

ಯಾರಿಗೆ ಯಾವುದು

ಗಟ್ಟಿಯಾಗಿದ್ದು, ಕುರ್ಚಿ ಪರೀಕ್ಷೆ ಪಾಸಾಗಿ, ಓಣಿಯಲ್ಲಿ ಜನ ಇದ್ದರೆ ಊರ ಮನೆಯನ್ನೇ ಸರಿ ಮಾಡಿಸಿ, ಸಹಾಯಕ್ಕೆ ಒಬ್ಬರನ್ನು ಇಡಿ. ಶುಗರ್, ಬಿಪಿ ಏರುಪೇರಾಗುತ್ತಿದ್ದು ತಿಂಗಳಿಗೆ ಒಮ್ಮೆಯಾದರೂ ಡಾಕ್ಟರ್ ಬೇಕು ಅಂದರೆ ಹತ್ತಿರದ ಪಟ್ಟಣ. ಮೈಯ ಕೆಲಸ ತಪ್ಪಿದ್ದರೆ ಅಥವಾ ದೊಡ್ಡ ಚಿಕಿತ್ಸೆ ನಡೆಯುತ್ತಿದ್ದರೆ ಮಕ್ಕಳ ಮನೆ. ಅಲ್ಲಿ ನೋಡಿಕೊಳ್ಳುವವರೂ ಕೆಲಸಕ್ಕೆ ಹೋಗುವವರಾಗಿದ್ದು, ದುಡ್ಡಿನ ಅನುಕೂಲ ಇದ್ದರೆ, ನರ್ಸ್ ಇರುವ ಆಶ್ರಮ. ಗಂಡ ಹೆಂಡತಿ ಇಬ್ಬರೂ ಇದ್ದು ಒಬ್ಬರಿಗೆ ಮಾತ್ರ ಸಹಾಯ ಬೇಕಾದರೆ, ನೋಡಿಕೊಳ್ಳುತ್ತಿರುವವರ ಸುಸ್ತನ್ನು ನೋಡಿ ತೀರ್ಮಾನ ಮಾಡಿ. ಅಪ್ಪನನ್ನು ಎತ್ತಿ ಎತ್ತಿ ಅವ್ವನ ಬೆನ್ನು ಹೋದರೆ ಇಬ್ಬರು ರೋಗಿಗಳಾಗುತ್ತಾರೆ.

ಯಾವುದೇ ಆಯ್ಕೆಗೂ ಖರ್ಚನ್ನು ತಿಂಗಳಿಗೆ ಬರೆದು ನಿಲ್ಲಿಸಬೇಡಿ. ಹತ್ತು ವರ್ಷಕ್ಕೆ ಗುಣಿಸಿ, ಆಸ್ಪತ್ರೆಗೆ ಅಂತ ಬೇರೆ ಇಡಿ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯದ ಮಿತಿ ಇಲ್ಲದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ವಯ ವಂದನಾ ಕಾರ್ಡ್ ತಂದಿದೆ. ನೀವು ನಂಬಿಕೊಂಡಿರುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು ಈಗಲೇ ಕೇಳಿಟ್ಟುಕೊಳ್ಳಿ. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಕೋಲು, ವಾಕರ್, ಕಿವಿಯ ಮಿಷನ್, ಹಲ್ಲಿನ ಸೆಟ್ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಕಿವಿ ಕೇಳದಿದ್ದರೆ ಯಾವ ಕಟ್ಟೆಯಲ್ಲಿ ಕೂತರೂ ಒಬ್ಬಂಟಿಯೇ. ಆ ಮಿಷನ್ ಬೇಗ ಹಾಕಿಸಿ.

ಹಿರಿಯರಿಗೆ ಒಂದು ಮಾತು. ಯಾರ ಮನೆಗೆ ಹೋಗುವ ಮುಂಚೆಯೂ ಹೊಲ ಮನೆ ಮಕ್ಕಳ ಹೆಸರಿಗೆ ಬರೆದುಕೊಡಬೇಡಿ. ಬರೆಯಲೇಬೇಕಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ದಾನಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಆ ಷರತ್ತು ಮುರಿದರೆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ. ಹೇಗೆ ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ತೀರ್ಮಾನ ಏನೇ ಇರಲಿ, ಮೂರು ತಿಂಗಳು ನೋಡೋಣ ಅಂತಲೇ ಶುರು ಮಾಡಿ. ಬೇಸಿಗೆಯಲ್ಲಿ ಬೆಂಗಳೂರಿಗೆ ಕರೆದರೆ ಯಾರಿಗಾದರೂ ಹಿಡಿಸುತ್ತದೆ, ಮಳೆಗಾಲದಲ್ಲೂ ಇಟ್ಟು ನೋಡಿ. ಹೋಗುವ ದಿನ ತೂಕ ನೋಡಿ ಬರೆದಿಡಿ, ಕುರ್ಚಿ ಪರೀಕ್ಷೆಯ ಸೆಕೆಂಡ್ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ತೂಕ ಇಳಿಯುತ್ತಿದ್ದರೆ, ಸೆಕೆಂಡ್ ಏರುತ್ತಿದ್ದರೆ, ಹೊರಗೆ ಹೋಗುವ ದಿನಗಳು ಕಡಿಮೆಯಾಗುತ್ತಿದ್ದರೆ ಆ ಜಾಗ ಒಗ್ಗುತ್ತಿಲ್ಲ. ಮೂರು ತಿಂಗಳಾದ ಮೇಲೆ ಅವರನ್ನೇ ಕೇಳಿ, ಮಗ ಸೊಸೆ ಎದುರಿಗಿಲ್ಲದಾಗ, ಅವರು ನಂಬುವ ತಮ್ಮನೋ ಮಗಳೋ ಕೇಳಲಿ. ಅಲ್ಲಿಯವರೆಗೆ ಊರ ಮನೆಯ ಕರೆಂಟ್ ಕನೆಕ್ಷನ್ ತೆಗೆಸಬೇಡಿ, ಬಾಡಿಗೆಗೂ ಕೊಡಬೇಡಿ.